ಬಾಗಲಕೋಟೆ ಸೀಮೆಯಲ್ಲಿ ಎದೆಹಾಲಿನ ಆರೈಕೆ

ಹೆರಿಗೆಯಾದ ತಾಯಿ ಕೂಸಿಗೆ ಹಾಲುಣಿಸಲು ತಿಳಿವಳಿಕೆ ಬೇಕು, ಊಟ ಬೇಕು, ನಿದ್ದೆ ಬೇಕು, ವೈದ್ಯಕೀಯ ನೆರವು ಬೇಕು, ಕೂತು ಕುಡಿಸುವಷ್ಟು ಬಿಡುವು ಬೇಕು. ಇವನ್ನು ಮನೆ, ಊರು, ಆಸ್ಪತ್ರೆ ಮತ್ತು ಸರ್ಕಾರ ಸೇರಿ ಒದಗಿಸುವ ವ್ಯವಸ್ಥೆಯೇ ಎದೆಹಾಲಿನ ಆರೈಕೆ. ಹುಟ್ಟಿದ ಒಂದು ಗಂಟೆಯೊಳಗೆ ಮೊದಲ ಹಾಲು, ಆರು ತಿಂಗಳು ತುಂಬುವವರೆಗೆ ಎದೆಹಾಲಲ್ಲದೆ ಬೇರೇನೂ ಇಲ್ಲ, ಆಮೇಲೆ ಮೆತ್ತನೆಯ ಊಟದ ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಮುಂದೆ ಎದೆಹಾಲು. ವಿಶ್ವ ಆರೋಗ್ಯ ಸಂಸ್ಥೆಯೂ ಭಾರತ ಸರ್ಕಾರವೂ ಹೇಳುವುದು ಇದನ್ನೇ. ಬಾಗಲಕೋಟೆಯ ಹೊಸ ಊರಾದ ನವನಗರವನ್ನು ನಡುವಿಟ್ಟುಕೊಂಡು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ತಾಲ್ಲೂಕುಗಳಲ್ಲಿ ಈ ಮಾತು ಎಷ್ಟರ ಮಟ್ಟಿಗೆ ನಡೆಯುತ್ತದೆ, ಯಾರ ಮನೆಯಲ್ಲಿ ಎಲ್ಲಿ ತಡೆಯುತ್ತದೆ ಎಂಬುದು ಇಲ್ಲಿನ ವಿಷಯ. ಹಾಲು ತಾಯಿಯದೇ, ಕುಡಿಸಲು ಕೂರುವ ಹೊತ್ತು ಮಾತ್ರ ಆಕೆಯ ಕೈಯಲ್ಲಿಲ್ಲ. ಆ ಹೊತ್ತು ಯಾರಿಗೆ ಎಷ್ಟು ಸಿಗುತ್ತದೆ ಎಂಬುದನ್ನು ಕೂಲಿ, ಜಾತಿ, ಆಡುವ ಭಾಷೆ, ಆಸ್ಪತ್ರೆಯ ದೂರ ಇವೇ ತೀರ್ಮಾನಿಸುತ್ತವೆ.

ತಾಯಂದಿರನ್ನು ಪೂಜಿಸುವುದರಲ್ಲಿ ಈ ಸೀಮೆ ಹಿಂದೆ ಬಿದ್ದದ್ದಿಲ್ಲ. ಬಾದಾಮಿಯ ಚಾಲುಕ್ಯರು ತಮ್ಮ ಶಾಸನಗಳಲ್ಲಿ ತಾವು ಹಾರೀತಿಯ ಮಕ್ಕಳು, ಸಪ್ತಮಾತೃಕೆಯರು ಸಾಕಿ ಬೆಳೆಸಿದವರು ಎಂದು ಹೇಳಿಕೊಂಡರು. ಐಹೊಳೆಯ ರಾವಣಫಡಿ ಗುಹೆಯಲ್ಲಿ ನಟರಾಜನ ಸುತ್ತ ಆ ಮಾತೃಕೆಯರು ಇಂದಿಗೂ ನಿಂತಿದ್ದಾರೆ. ನಾಗನಾಥಕೊಳ್ಳದಲ್ಲಿ ಸಿಕ್ಕ ಲಜ್ಜಾಗೌರಿ ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿದ್ದಾಳೆ. ಕಲ್ಲಿನ ತಾಯಂದಿರಿಗೆ ಇಷ್ಟು ಮರ್ಯಾದೆ ಇರುವ ನೆಲದಲ್ಲಿ ಹೊಲದ ಬದುವಿನ ಮೇಲೆ ಕೂತು ಹಾಲುಣಿಸುವ ಕೂಲಿ ಹೆಂಗಸಿಗೆ ಹತ್ತು ನಿಮಿಷದ ನೆರಳು ಸಿಗುವುದು ಇಂದಿಗೂ ಹೊಲದ ಧಣಿಯ ಮನಸ್ಸಿಗೆ ಬಿಟ್ಟದ್ದು.

ಸಮಾನತೆಯ ಪ್ರಶ್ನೆ ಬಂದ ದಾರಿ

ಎದೆಹಾಲಿನ ಆರೈಕೆ ಎಲ್ಲರಿಗೂ ಸಮನಾಗಿ ಸಿಗುತ್ತಿಲ್ಲ ಎಂಬ ಕೂಗು ಅಮೆರಿಕದ ಕಪ್ಪು ಜನರ ನಡುವಿನಿಂದ ಗಟ್ಟಿಯಾಗಿ ಎದ್ದಿತು. ಗುಲಾಮಗಿರಿಯ ಕಾಲದಲ್ಲಿ ಅಲ್ಲಿನ ಕಪ್ಪು ಹೆಂಗಸರು ಒಡೆಯರ ಮಕ್ಕಳಿಗೆ ಮೊಲೆಯೂಡಿಸಬೇಕಿತ್ತು, ಅವರ ಸ್ವಂತ ಕೂಸುಗಳ ಸರದಿ ಆಮೇಲೆ. 1946ರಲ್ಲಿ ನಾರ್ತ್ ಕೆರೊಲಿನಾದ ರೀಡ್ಸ್‌ವಿಲ್‌ನಲ್ಲಿ ಫುಲ್ಟ್ಸ್ ಎಂಬ ಬಡ ರೈತ ಕುಟುಂಬದಲ್ಲಿ ಒಂದೇ ಹೆರಿಗೆಗೆ ನಾಲ್ಕು ಹೆಣ್ಣು ಕೂಸುಗಳು ಹುಟ್ಟಿದವು. ಹೆರಿಗೆ ಮಾಡಿಸಿದ ಬಿಳಿಯ ವೈದ್ಯರು ಪೆಟ್ ಮಿಲ್ಕ್ ಎಂಬ ಡಬ್ಬಿ ಹಾಲಿನ ಕಂಪನಿಯೊಂದಿಗೆ ಒಪ್ಪಂದ ಮಾಡಿಸಿದರು. ಆ ನಾಲ್ವರ ಚಿತ್ರ ಹಾಕಿ ಕಂಪನಿ ಕಪ್ಪು ತಾಯಂದಿರಿಗೆ ಡಬ್ಬಿ ಮಾರಿತು. ಹೀಗೆ ತಲೆಮಾರುಗಳ ಕಾಲ ಎದೆಹಾಲಿನಿಂದ ದೂರ ಸರಿಸಿ, ಕೊನೆಗೆ ಹಾಲು ಕುಡಿಸದ ತಪ್ಪನ್ನು ಅದೇ ತಾಯಂದಿರ ತಲೆಗೆ ಕಟ್ಟಲಾಯಿತು. 2014ರಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ವರದಿಯೊಂದು ದೋಷ ಎಲ್ಲಿದೆ ಎಂಬುದನ್ನು ಬೇರೆ ಕಡೆಯಿಂದ ತೋರಿಸಿತು: ಕಪ್ಪು ಜನ ಹೆಚ್ಚಿರುವ ಬಡಾವಣೆಗಳ ಆಸ್ಪತ್ರೆಗಳಲ್ಲಿ ಬೇಗ ಹಾಲು ಕುಡಿಸುವುದು, ತಾಯಿ ಮಗುವನ್ನು ಒಂದೇ ಕೋಣೆಯಲ್ಲಿಡುವುದು, ಅನಗತ್ಯವಾಗಿ ಪುಡಿ ಹಾಲು ಕೊಡದಿರುವುದು ಇಂಥ ಪದ್ಧತಿಗಳೇ ಕಡಿಮೆ. ಕಪ್ಪು ತಾಯಂದಿರ ಎದೆಹಾಲಿನ ಆರೈಕೆಗಾಗಿ ಅಟ್ಲಾಂಟಾದಲ್ಲಿ 2011ರಲ್ಲಿ ಶುರುವಾದ ರೋಸ್ ಸಂಸ್ಥೆ, 2013ರಿಂದ ಆಗಸ್ಟ್ ಕೊನೆಯ ವಾರ ನಡೆಯುವ ಕಪ್ಪು ತಾಯಂದಿರ ಸ್ತನ್ಯಪಾನ ಸಪ್ತಾಹ ಎರಡೂ ಒಂದೇ ಪಾಠದ ಮೇಲೆ ನಿಂತಿವೆ. ತಾಯಿಗೆ ಉಪದೇಶ ಮಾಡುವ ಮೊದಲು ಅವಳ ಓಣಿಯಲ್ಲೇ, ಅವಳ ಮಾತನ್ನೇ ಆಡುವ, ಅವಳಂಥದೇ ಬದುಕು ಕಂಡ ಹೆಂಗಸೊಬ್ಬಳು ಜೊತೆಗೆ ಕೂರಬೇಕು.

ಕರ್ನಾಟಕದಲ್ಲಿ ಆಫ್ರಿಕಾ ಮೂಲದ ಕುಟುಂಬಗಳೆಂದರೆ ಸಿದ್ದಿಗಳು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಕಾಡಂಚಿನ ಊರುಗಳಲ್ಲಿ ನೆಲೆಸಿದ ಇವರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಮಳೆಗಾಲದಲ್ಲಿ ಕಾಡುದಾರಿಯಲ್ಲಿ ಆಸ್ಪತ್ರೆ ಮುಟ್ಟುವುದೇ ಅವರಿಗೆ ಮೊದಲ ತೊಡಕು. ಬಾಗಲಕೋಟೆ ಬಯಲುಸೀಮೆ. ಇಲ್ಲಿ ತೊಡಕುಗಳು ಬೇರೆ, ಅನುಭವಿಸುವವರೂ ಬೇರೆ: ತಾಂಡಾದ ಲಂಬಾಣಿ ತಾಯಿ, ದಲಿತ ಕೇರಿಯ ಕೂಲಿ ಹೆಂಗಸು, ಇಳಕಲ್‌ನ ನೇಕಾರ ಮನೆಯ ಸೊಸೆ, ಗೋವೆಗೆ ದುಡಿಯಲು ಹೋದ ಗೌಂಡಿಯ ಹೆಂಡತಿ. ಪಾಠ ಮಾತ್ರ ಅಟ್ಲಾಂಟಾದ್ದೇ.

ಬಾಣಂತನ

ಉತ್ತರ ಕರ್ನಾಟಕದ ಬಾಣಂತನವನ್ನು ಮೂಢನಂಬಿಕೆಯ ಮೂಟೆ ಎಂದು ತಳ್ಳಿಹಾಕುವವರು ಅದರ ಒಳಗಿನ ಲೆಕ್ಕಾಚಾರವನ್ನು ಸರಿಯಾಗಿ ನೋಡಿದವರಲ್ಲ. ಕುಬುಸ ಮಾಡಿ ಚೊಚ್ಚಲ ಬಸುರಿಯನ್ನು ತವರಿಗೆ ಕರೆತರುತ್ತಾರೆ. ಹೆರಿಗೆಯಾದ ಮೇಲೆ ಮೂರರಿಂದ ಐದು ತಿಂಗಳು ಆಕೆ ತಾಯಿಯ ಮನೆಯಲ್ಲೇ ಇರುತ್ತಾಳೆ. ನೀರು ಹೊರುವುದಿಲ್ಲ, ರೊಟ್ಟಿ ಬಡಿಯುವುದಿಲ್ಲ. ಎಣ್ಣೆ ಹಚ್ಚಿ ಎರೆಯಲು ಅವ್ವ, ಕೂಸನ್ನು ಕಾಲ ಮೇಲೆ ಹಾಕಿಕೊಳ್ಳಲು ಅಜ್ಜಿ, ಕೌದಿ ಒಗೆಯಲು ತಂಗಿ. ರಾತ್ರಿ ಹಾಲು ಕುಡಿಸಿ ಹಗಲು ಮಲಗುವುದಕ್ಕೆ ಇಲ್ಲಿ ಯಾರ ಅಪ್ಪಣೆಯೂ ಬೇಡ. ಹಾಲು ತರಿಸುವ ಪ್ರೊಲ್ಯಾಕ್ಟಿನ್ ಎಂಬ ರಸ ರಾತ್ರಿ ಹೊತ್ತಿನಲ್ಲೇ ಹೆಚ್ಚು, ಕೂಸು ಎಷ್ಟು ಸಲ ಚೀಪುತ್ತದೋ ಅಷ್ಟು ಹಾಲು ಬರುತ್ತದೆ ಎಂಬ ಶರೀರಶಾಸ್ತ್ರಕ್ಕೆ ತವರಿನ ಈ ಏರ್ಪಾಡು ಚೆನ್ನಾಗಿ ಹೊಂದುತ್ತದೆ. ಅಂಟಿನುಂಡಿ, ಒಣಕೊಬ್ಬರಿ, ತುಪ್ಪ, ಸಬ್ಬಸಿಗೆ, ಬೆಳ್ಳುಳ್ಳಿ, ಜೋಳದ ನುಚ್ಚು, ಸಜ್ಜಕ ಇವೆಲ್ಲ ಬಾಣಂತಿಯ ಊಟ. ಅಮೀನಗಡದ ಕರದಂಟು ಊರೂರಿಗೆ ಹೆಸರಾದ ಸಿಹಿಯಾಗುವ ಮೊದಲೂ ಅಂಟು ಬೆಲ್ಲ ಒಣಹಣ್ಣುಗಳ ಕೂಟ ಈ ಸೀಮೆಯಲ್ಲಿ ಬಾಣಂತಿಯದೇ ಆಗಿತ್ತು.

ಆದರೆ ಈ ಆರೈಕೆಗೆ ಕಾಸು ಬೇಕು, ಮನೆಯಲ್ಲಿ ಬಿಡುವಿರುವ ಹೆಂಗಸರೂ ಬೇಕು. ತವರಿನ ಅವ್ವನೇ ದಿನಗೂಲಿಗೆ ಹೋಗುವವಳಾದರೆ ಬಾಣಂತನ ಹದಿನೈದು ದಿನಕ್ಕೆ ಮುಗಿಯುತ್ತದೆ. ಎರಡನೆಯ, ಮೂರನೆಯ ಹೆರಿಗೆಗೆ ತವರಿನ ಕರೆಯೂ ತಣ್ಣಗಾಗುತ್ತದೆ. ಹೆಣ್ಣು ಕೂಸಿನ ಮೇಲೆ ಹೆಣ್ಣು ಕೂಸಾದರೆ ಅಂಟಿನುಂಡಿಯ ತುಪ್ಪ ಎಷ್ಟರಮಟ್ಟಿಗೆ ಇಳಿಯುತ್ತದೆ ಎಂಬುದನ್ನು ಆಯಾ ಮನೆಯವರೇ ಹೇಳಬೇಕು.

ಸಂಪ್ರದಾಯದಲ್ಲಿ ಬಿಡಬೇಕಾದದ್ದೂ ಇದೆ. ಆಕಳು ಈದಾಗ ಗಿಣ್ಣ ಮಾಡಿ ಓಣಿಗೆಲ್ಲ ಹಂಚುವ ಮನೆಯಲ್ಲೇ ಬಾಣಂತಿಯ ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ರೂಢಿಯಿತ್ತು. ಮೊದಲ ದಿನ ಬರುವುದು ಕೆಲವೇ ಚಮಚ. ಹುಟ್ಟಿದ ಕೂಸಿನ ಹೊಟ್ಟೆಗೆ ಅಷ್ಟೇ ಸಾಕು, ರೋಗ ತಡೆಯುವ ಅಂಶಗಳು ಅದರಲ್ಲೇ ದಟ್ಟವಾಗಿರುತ್ತವೆ. ಅದರ ಬದಲು ಜೇನುತುಪ್ಪ, ಸಕ್ಕರೆ ನೀರು, ಔಡಲೆಣ್ಣೆ ಬಾಯಿಗೆ ಬೀಳುತ್ತಿದ್ದವು. ಹಾಕಲು ಬಳಸುತ್ತಿದ್ದದ್ದು ಒಳಲೆ: ಅಂಗೈಯಲ್ಲಿ ಕೂರುವ, ಒಂದು ಕಡೆ ಮೂತಿ ಚಾಚಿದ ಹಿತ್ತಾಳೆಯ ಅಥವಾ ಬೆಳ್ಳಿಯ ಬಟ್ಟಲು. ಬಜೆ, ಜಾಜಿಕಾಯಿ ತೇಯ್ದ ಘುಟ್ಟಿಯೂ ಅದರಲ್ಲೇ. ಒಳಲೆಯನ್ನು ಹಳೆಯ ಕಾಲದ ಸಾಮಾನೆಂದು ಅಟ್ಟಕ್ಕೆ ಎಸೆದವರು ಇಂದು ನವಜಾತ ಶಿಶು ಘಟಕಕ್ಕೆ ಹೋದರೆ ಅದನ್ನೇ ಸ್ಟೀಲಿನಲ್ಲಿ ಕಾಣುತ್ತಾರೆ. ಚೀಪಲು ಶಕ್ತಿಯಿಲ್ಲದ, ದಿನ ತುಂಬದ ಕೂಸಿಗೆ ದಾದಿಯರು ತಾಯಿಯ ಹಾಲು ಹಿಂಡಿಸಿ ಅದೇ ಆಕಾರದ ಬಟ್ಟಲಿನಿಂದ ಕೆನ್ನೆಯ ಒಳಬದಿಗೆ ಹನಿಹನಿಯಾಗಿ ಬಿಡುತ್ತಾರೆ. ಬಾಟಲಿಗಿಂತ ತೊಳೆಯಲು ಸುಲಭ, ಮೊಲೆಯನ್ನು ಮರೆಯುವ ಭಯವೂ ಕಡಿಮೆ. ಪಾತ್ರೆಯ ಮೇಲೆ ತಕರಾರಿಲ್ಲ, ಅದರೊಳಗೆ ಏನು ಹಾಕುತ್ತೇವೆ ಎಂಬುದಷ್ಟೇ ಬದಲಾಗಬೇಕಿತ್ತು.

ಬೇಸಿಗೆಯಲ್ಲಿ ಇನ್ನೊಂದು ಜಗಳ ನೀರಿನದು. ಬಾದಾಮಿ, ಹುನಗುಂದಗಳಲ್ಲಿ ಏಪ್ರಿಲ್ ಮೇ ತಿಂಗಳ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಕೂಸಿನ ತುಟಿ ಒಣಗಿದ್ದು ಕಂಡ ಅಜ್ಜಿ ಎರಡು ಚಮಚ ನೀರು ಹಾಕದೆ ಇರಲಾರಳು. ಎದೆಹಾಲಿನಲ್ಲಿ ಹತ್ತಿರ ಹತ್ತಿರ ಶೇ. 88ರಷ್ಟು ನೀರೇ ಇರುವುದರಿಂದ ಆರು ತಿಂಗಳವರೆಗೆ ಕೂಸಿಗೆ ಬೇರೆ ನೀರು ಬೇಡ. ನೀರು ಬೇಕಾದದ್ದು ಬಾಣಂತಿಗೆ. ವಿಚಿತ್ರವೆಂದರೆ ಅದೇ ಮನೆಯಲ್ಲಿ ಬಾಣಂತಿಗೆ ಹೆಚ್ಚು ನೀರು ಕೊಟ್ಟರೆ ಮೈ ಬಾಯುತ್ತದೆ, ಹೊಟ್ಟೆ ಬರುತ್ತದೆ ಎಂದು ಲೋಟ ಎಣಿಸಿ ಕೊಡುತ್ತಾರೆ.

ಪಥ್ಯದ ಅತಿರೇಕ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಸಾಕ್ಷಿ. ಎದೆಹಾಲು ಮಾತ್ರ ಕುಡಿಯುತ್ತಿದ್ದ ಎಳೆಗೂಸುಗಳು ಉಸಿರಾಟದ ತೀವ್ರ ತೊಂದರೆ, ಶ್ವಾಸಕೋಶದ ರಕ್ತನಾಳಗಳಲ್ಲಿ ಏರಿದ ಒತ್ತಡ ಹೊತ್ತು ಬಂದಿದ್ದವು. ಥಯಮಿನ್, ಅಂದರೆ ಬಿ1 ಜೀವಸತ್ವದ ಸೂಜಿ ಕೊಟ್ಟೊಡನೆ ಬಹುಪಾಲು ಚೇತರಿಸಿಕೊಂಡವು. ತಾಯಂದಿರು ಪಾಲಿಶ್ ಮಾಡಿದ ಅಕ್ಕಿಯ ಅನ್ನವನ್ನೇ ನೆಚ್ಚಿಕೊಂಡು ಬೇಳೆ, ಕಾಳು, ಸೊಪ್ಪು ಬಿಟ್ಟ ಬಾಣಂತಿಯರಾಗಿದ್ದರು. ಹಾಲು ಇತ್ತು, ಹಾಲಿನಲ್ಲಿ ಇರಬೇಕಾದ್ದು ಇರಲಿಲ್ಲ. ಜೋಳ, ಸಜ್ಜೆಗಳಲ್ಲಿ ಪಾಲಿಶ್ ಅಕ್ಕಿಗಿಂತ ಥಯಮಿನ್ ಹೆಚ್ಚು. ರೊಟ್ಟಿಯ ಸೀಮೆಯಲ್ಲೂ ಬಾಣಂತಿಗೆ ‘ಹಗುರ ಊಟ’ ಎಂದು ಅನ್ನ ಸಾರಿನ ಪಥ್ಯ ಹಿಡಿಸುವ ಮನೆಗಳು ಇದನ್ನು ಗಮನಿಸಬೇಕು.

ಎಲ್ಲ ಮನೆಗಳಲ್ಲೂ ಕೇಳಿಬರುವ ದೂರು ಒಂದೇ: ‘ಹಾಲು ಸಾಲವಲ್ದು.’ ಕೂಸು ಅತ್ತರೆ ಹಸಿವೆಂದೇ ಅರ್ಥ, ಹಸಿವೆಂದರೆ ಹಾಲಿಲ್ಲವೆಂದೇ ಅರ್ಥ ಎಂಬ ಅವಸರದಲ್ಲಿ ಮೇಲಿನ ಹಾಲು ಶುರುವಾಗುತ್ತದೆ. ಆಕಳ ಹಾಲಿಗೆ ನೀರು ಬೆರೆಸಿ ಕೊಟ್ಟಷ್ಟೂ ಕೂಸು ಎದೆಗೆ ಬಾಯಿ ಹಾಕುವುದು ಕಡಿಮೆಯಾಗುತ್ತದೆ, ಚೀಪುವುದು ಕಡಿಮೆಯಾದಷ್ಟೂ ಹಾಲು ನಿಜವಾಗಿಯೇ ಇಂಗುತ್ತದೆ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುವ, ತೂಕ ಏರುತ್ತಿರುವ ಕೂಸಿಗೆ ಹಾಲು ಸಾಲುತ್ತಿದೆ ಎಂದೇ ತಿಳಿಯಬೇಕು. ಸಾಮಾನ್ಯವಾಗಿ ತಪ್ಪಿರುವುದು ಕೂಸನ್ನು ಹಿಡಿದ ರೀತಿಯಲ್ಲಿ. ತೊಟ್ಟಿನ ತುದಿಯನ್ನಷ್ಟೇ ಕಚ್ಚಿದರೆ ತಾಯಿಗೆ ಬಿರುಕು, ಕೂಸಿಗೆ ಹಸಿವು. ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು, ಗದ್ದ ಎದೆಗೆ ತಾಗಬೇಕು, ಕೂಸಿನ ಹೊಟ್ಟೆ ತಾಯಿಯ ಹೊಟ್ಟೆಗೆ ಅಂಟಿರಬೇಕು. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಬರುವುದಿಲ್ಲ, ಪಕ್ಕದಲ್ಲಿ ಕೂತು ಕೈ ಹಿಡಿದು ತೋರಿಸಬೇಕು. ಕಣ್ಣು ತಗಲಿ ಹಾಲು ಇಂಗಿತೆಂದು ದೃಷ್ಟಿ ತೆಗೆಸುವುದರಿಂದ ಕೆಡುಕೇನಿಲ್ಲ, ಹಾಗೆಂದು ಹಿಡಿಯುವ ರೀತಿ ಸರಿಹೋಗುವುದೂ ಇಲ್ಲ.

ಆಸ್ಪತ್ರೆಯ ಮೊದಲ ಗಂಟೆ

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಆದರೂ ಒಂದು ಗಂಟೆಯೊಳಗೆ ತಾಯಿಯ ಎದೆಗೆ ಬಂದ ಕೂಸುಗಳು ಸುಮಾರು ಶೇ. 49. ಐದು ವರ್ಷ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 56ರಷ್ಟಿತ್ತು. ಆರು ತಿಂಗಳವರೆಗೆ ಎದೆಹಾಲು ಮಾತ್ರ ಕುಡಿಯುವವರ ಪ್ರಮಾಣ ಅದೇ ಅವಧಿಯಲ್ಲಿ ಶೇ. 54ರಿಂದ 61ಕ್ಕೆ ಏರಿದೆ. ಅಂದರೆ ಮನೆಗಳು ಸುಧಾರಿಸುತ್ತಿರುವಾಗ ಹೆರಿಗೆ ಕೋಣೆಗಳು ಹಿಂದೆ ಸರಿದಿವೆ. ಸಿಸೇರಿಯನ್ ಪ್ರಮಾಣ ಶೇ. 31 ದಾಟಿದ್ದು ಇದಕ್ಕೊಂದು ಕಾರಣವಿರಬೇಕು. ಹೊಲಿಗೆ ಹಾಕಿಸಿಕೊಂಡ ತಾಯಿ ಮಗ್ಗುಲಾಗಲು ಇನ್ನೊಬ್ಬರ ಕೈ ಬೇಕು. ಜನದಟ್ಟಣೆಯ ವಾರ್ಡಿನಲ್ಲಿ ಆ ಕೈ ದಾದಿಯದಲ್ಲ, ಹೊರಗೆ ಕಾಯುತ್ತಿರುವ ಅವ್ವನದು. ಆಕೆಯನ್ನು ಒಳಗೆ ಬಿಡುವುದೋ ಬೇಡವೋ ಎಂಬುದು ಬಾಗಿಲ ಬಳಿ ನಿಂತವರ ಅವತ್ತಿನ ಮರ್ಜಿ. ಇಂಥ ಕಡೆ ಯಾರ ಅವ್ವನಿಗೆ ಬಾಗಿಲು ತೆರೆಯುತ್ತದೆ, ಯಾರಿಗೆ ಗದರಿಕೆ ಸಿಗುತ್ತದೆ ಎಂಬುದನ್ನು ಸೀರೆ, ಮಾತು, ಊರಿನ ಹೆಸರು ನೋಡಿ ಊಹಿಸಬಹುದು. ಲಂಬಾಣಿ ಮಾತ್ರ ಬಲ್ಲ ತಾಂಡಾದ ಮುದುಕಿಗೆ ಕನ್ನಡದಲ್ಲಿ ಜೋರು ಮಾಡಿ ಹೇಳಿದ್ದು ಸಲಹೆಯಾಗಿ ಕೇಳಿಸುವುದಿಲ್ಲ, ಬೈಗುಳವಾಗಿ ಕೇಳಿಸುತ್ತದೆ.

ಈ ಸೀಮೆಯ ದೊಡ್ಡ ಆಸ್ಪತ್ರೆಗಳು ನವನಗರದಲ್ಲಿವೆ. ಜಿಲ್ಲಾ ಆಸ್ಪತ್ರೆ ಇಲ್ಲಿದೆ. 1906ರಷ್ಟು ಹಳೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು 2002ರಲ್ಲಿ ಆರಂಭಿಸಿದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ಅದಕ್ಕೆ ಸೇರಿದ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆಯೂ ಇಲ್ಲೇ. ತೂಕ ಕಡಿಮೆಯ ಕೂಸು, ಉಸಿರು ಕಟ್ಟಿದ ಕೂಸು ತಾಲ್ಲೂಕುಗಳಿಂದ ಇಲ್ಲಿಗೇ ಬರಬೇಕು. ಇಳಕಲ್‌ನಿಂದ ನವನಗರಕ್ಕೆ ಸುಮಾರು 60 ಕಿ.ಮೀ. ಇಳಕಲ್‌ನಲ್ಲಿ ಹೆತ್ತ ತಾಯಿ ಅಲ್ಲೇ ಮಂಚದ ಮೇಲೆ, ಕೂಸು ಅಪ್ಪನ ಜೊತೆ ಆಂಬುಲೆನ್ಸಿನಲ್ಲಿ. ಹಾಲು ಬರುವ ಹೊತ್ತಿಗೆ ಕುಡಿಯುವ ಬಾಯಿ ಜೊತೆಗಿಲ್ಲ. ಎರಡು ಮೂರು ತಾಸಿಗೊಮ್ಮೆ ಕೈಯಿಂದ ಹಿಂಡಿ ತೆಗೆಯದಿದ್ದರೆ ಎದೆ ಕಟ್ಟಿ, ಬಾವು ಬಂದು, ಹಾಲೇ ಬತ್ತಬಹುದು. ತಾಯಿಯನ್ನೂ ಕೂಸಿನ ಜೊತೆಗೇ ಕಳಿಸಿ, ನವಜಾತ ಶಿಶು ಘಟಕದ ಪಕ್ಕದಲ್ಲೇ ಆಕೆಗೆ ಮಲಗಲು ಜಾಗ, ಎರಡು ಹೊತ್ತು ಊಟ ಕೊಡುವುದು ಯಾವ ಯಂತ್ರಕ್ಕಿಂತಲೂ ಅಗ್ಗದ ಚಿಕಿತ್ಸೆ.

ಇದಕ್ಕೆ ಪಕ್ಕದ ಜಿಲ್ಲೆಯಲ್ಲೇ ಉದಾಹರಣೆಯಿದೆ. ಬಟ್ಟೆ ಸರಿಸಿ ಕೂಸನ್ನು ತಾಯಿಯ ಎದೆಗೆ ನೇರ ಅಂಟಿಸಿ ಕಟ್ಟಿಕೊಳ್ಳುವ ಕಾಂಗರೂ ಆರೈಕೆ 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಬೆಚ್ಚನೆಯ ಪೆಟ್ಟಿಗೆಗಳು ಸಾಲದ ಆಸ್ಪತ್ರೆಯಲ್ಲಿ ಹುಟ್ಟಿದ ಉಪಾಯ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮತ್ತು ಆರೋಗ್ಯ ಇಲಾಖೆ ಸೇರಿ ಕೊಪ್ಪಳ ಜಿಲ್ಲೆಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನೆಯ ಭಾಗವಾಗಿ, ಇದನ್ನು ಇಡೀ ಜಿಲ್ಲೆಗೆ ಹರಡಿ ನೋಡಿದವು. ಕಡಿಮೆ ತೂಕದ ಕೂಸುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಇದು ತಲುಪಿತು. ಆಸ್ಪತ್ರೆಯಲ್ಲಿ ಕಲಿತದ್ದನ್ನು ಊರಿನ ಆರೋಗ್ಯ ಕಾರ್ಯಕರ್ತೆಯರಾದ ಆಶಾಗಳು ಮನೆಯಲ್ಲಿ ಮುಂದುವರಿಸಿದ್ದೇ ಅದರ ಗುಟ್ಟು. ಅದಕ್ಕೂ ಮೊದಲು ‘ಸುಕ್ಷೇಮ’ ಯೋಜನೆ ಬಾಗಲಕೋಟೆ ಸೇರಿ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯರ ಕೌಶಲಕ್ಕೆ, ಆಶಾಗಳ ಮನೆಭೇಟಿಯ ಲೆಕ್ಕಕ್ಕೆ ಒತ್ತು ಕೊಟ್ಟಿತ್ತು.

ತಾಯಿಯ ಹಾಲೇ ಸಿಗದ ಕೂಸಿಗೆ ಇನ್ನೊಬ್ಬ ತಾಯಿಯ ಹಾಲು ಸಂಸ್ಕರಿಸಿ ಕೊಡುವ ಹಾಲಿನ ಬ್ಯಾಂಕು ದೇಶದಲ್ಲಿ ಮೊದಲು ಬಂದದ್ದು 1989ರಲ್ಲಿ, ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ, ಡಾ. ಅರ್ಮಿಡಾ ಫರ್ನಾಂಡಿಸ್ ಅವರ ಪ್ರಯತ್ನದಿಂದ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯ ಹಾಲಿನ ಬ್ಯಾಂಕು ‘ಅಮೃತಧಾರೆ’ 2022ರದು.

ದುಡಿಮೆ

ಇಳಕಲ್ ಸೀರೆಯ ಹೆಸರು ಕೊಂಡಿಯ ಮೇಲೆ ನಿಂತಿದೆ. ಒಡಲಿನ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವುದು, ಆಮೇಲೆ ಟೋಪ ತೆನಿ ಎಂಬ ವಿನ್ಯಾಸದ ಸೆರಗು ನೇಯುವುದು. ಮಗ್ಗದ ಕುಣಿಯಲ್ಲಿ ಕೂರುವವನು ಸಾಮಾನ್ಯವಾಗಿ ಗಂಡಸು. ಕಂಡಿಕೆ ಸುತ್ತುವುದು, ನೂಲು ಬಿಡಿಸುವುದು, ಹಾಸು ಅಣಿ ಮಾಡುವುದು ಹೆಂಗಸರ ಪಾಲು. ಕೂಲಿ ಸೀರೆಯ ಲೆಕ್ಕದಲ್ಲಿ ಮನೆಗೆ ಬರುತ್ತದೆ, ಕಂಡಿಕೆ ಸುತ್ತಿದವಳ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಮೇಲ್ನೋಟಕ್ಕೆ ಇದು ಹಾಲುಣಿಸುವ ತಾಯಿಗೆ ಅನುಕೂಲವೇ: ಕೆಲಸ ಮನೆಯಲ್ಲಿದೆ, ತೊಟ್ಟಿಲು ಕಣ್ಣೆದುರಿಗಿದೆ. ಆದರೆ ಸೀರೆ ಇಳಿಸುವ ಗಡುವು ಹತ್ತಿರ ಬಂದಾಗ ಚರಕ ನಿಲ್ಲಿಸಿ ಅರ್ಧ ತಾಸು ಕೂತವಳನ್ನು ಮನೆಯೇ ಗುರಾಯಿಸುತ್ತದೆ. ಮನೆಗೆಲಸವೆಂದು ಎಣಿಸಿದ ದುಡಿಮೆಗೆ ಹೆರಿಗೆ ರಜೆಯೂ ಇಲ್ಲ.

ರಜೆ ಇರುವುದು ಯಾರಿಗೆ? 1961ರ ಹೆರಿಗೆ ಸೌಲಭ್ಯ ಕಾಯ್ದೆ 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ಕೊಟ್ಟಿತು, 50 ಜನ ಇರುವ ಕಡೆ ಕೂಸಿನ ಮನೆ ಕಡ್ಡಾಯ ಮಾಡಿತು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲುಣಿಸುವ ಬಿಡುವು ಮೊದಲಿಂದಲೂ ಅದರಲ್ಲಿತ್ತು. ಇವೇ ಅಂಶಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಸೇರಿವೆ. ನವನಗರದ ಸರ್ಕಾರಿ ಕಚೇರಿ, ಕಾಲೇಜು, ಬ್ಯಾಂಕುಗಳ ಮಹಿಳೆಯರಿಗೆ ಇದು ದಕ್ಕುತ್ತದೆ. ಇಳಕಲ್ ಸುತ್ತಿನ ಗ್ರಾನೈಟ್ ಕ್ವಾರಿಯ ಕೂಲಿಗೆ, ಮಲಪ್ರಭೆಯ ಬಯಲಿನಲ್ಲಿ ಈರುಳ್ಳಿ ಕೀಳುವವಳಿಗೆ ದಕ್ಕುವುದು ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ ₹5,000. ಮೊದಲ ಮಗುವಿಗೆ ಅಷ್ಟು, 2022ರಿಂದ ಎರಡನೆಯದು ಹೆಣ್ಣಾದರೆ ₹6,000. 26 ವಾರದ ಸಂಬಳದ ಜಾಗದಲ್ಲಿ ಈ ಮೊತ್ತ ಇಟ್ಟು, ಇಬ್ಬರಿಗೂ ಆರು ತಿಂಗಳು ಎದೆಹಾಲು ಮಾತ್ರ ಕೊಡಿ ಎಂದು ಒಂದೇ ಭಿತ್ತಿಪತ್ರದಲ್ಲಿ ಹೇಳುತ್ತೇವೆ.

ಮಳೆ ಕೈಕೊಟ್ಟ ವರ್ಷ ಬಾದಾಮಿ, ಹುನಗುಂದದ ಕುಟುಂಬಗಳು ಗೋವೆ, ಮಂಗಳೂರು, ಉಡುಪಿ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಬಾಣಂತಿಯ ತಾಯಿ ಕಾರ್ಡ್ ಊರಿನಲ್ಲಿ, ಅಂಗನವಾಡಿಯ ದಾಖಲೆ ಊರಿನಲ್ಲಿ, ಬಾಣಂತಿ ಮಾತ್ರ ತಗಡಿನ ಶೆಡ್ಡಿನಲ್ಲಿ. ಹಾಲು ಹಿಂಡಿ ಇಟ್ಟು ಹೋಗೋಣವೆಂದರೆ 25 ಡಿಗ್ರಿಯಲ್ಲಿ ನಾಲ್ಕು ತಾಸು ಕೆಡದೆ ಉಳಿಯುವ ಹಾಲು ಕಾದ ತಗಡಿನ ಕೆಳಗೆ ಅಷ್ಟು ಹೊತ್ತು ಉಳಿಯದು. ನೋಂದಾಯಿತ ಮಹಿಳಾ ಕಾರ್ಮಿಕರ ಮಗುವಿಗೆ ಮೂರು ವರ್ಷದವರೆಗೆ ನೆರವು ಕೊಡುವ ‘ತಾಯಿ ಮಗು ಸಹಾಯ ಹಸ್ತ’ ಯೋಜನೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿದೆ. ಆದರೆ ನೋಂದಣಿ ಹೆಚ್ಚಾಗಿ ಗಂಡನ ಹೆಸರಿನಲ್ಲಿ, ಇಟ್ಟಿಗೆ ಹೊತ್ತ ಹೆಂಡತಿ ‘ಕೂಡ ಬಂದವಳು’. ಊರಲ್ಲೇ ಉಳಿದು ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರಿಗಾಗಿ ರಾಜ್ಯ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಹೇಳಿತು. ಕೂಸು ಹತ್ತಿರವಿದ್ದರೆ ಮಧ್ಯಾಹ್ನದ ಹಾಲು ತಪ್ಪುವುದಿಲ್ಲ. ಈ ಸೀಮೆಗೆ ಬಂದ ಯೋಜನೆಗಳಲ್ಲಿ ಬಿಡುವಿನ ಪ್ರಶ್ನೆಯನ್ನು ನೇರವಾಗಿ ಮುಟ್ಟಿದ್ದು ಬಹುಶಃ ಇದೊಂದೇ.

ಎಚ್‌ಐವಿ ಕಾಲದ ಪಾಠ

2000ರ ದಶಕದ ಆರಂಭದಲ್ಲಿ ಗರ್ಭಿಣಿಯರಲ್ಲಿ ಎಚ್‌ಐವಿ ಸೋಂಕು ಶೇ. 1ಕ್ಕಿಂತ ಹೆಚ್ಚಿದ್ದ ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು. ಆಗ ಸೋಂಕಿರುವ ತಾಯಿಯ ಎದುರು ಎರಡು ದಾರಿ ಇಡಲಾಗುತ್ತಿತ್ತು, ಎರಡೂ ಕೆಟ್ಟವು. ಎದೆಹಾಲು ಕೊಟ್ಟರೆ ಸೋಂಕಿನ ಭಯ. ಬಾಟಲಿ ಹಿಡಿದರೆ ಕಲುಷಿತ ನೀರಿನ ಭೇದಿ, ಅದರ ಮೇಲೆ ಊರಿನ ಕಣ್ಣು. ಎಲ್ಲರೂ ಮೊಲೆಯೂಡಿಸುವ ಓಣಿಯಲ್ಲಿ ಬಾಟಲಿ ಹಿಡಿದ ಬಾಣಂತಿಯ ರೋಗ ಬಾಯಿಬಿಟ್ಟು ಹೇಳದೆಯೇ ಬಯಲಾಗುತ್ತಿತ್ತು. ಅತ್ತೆಗೆ ಕಾಣದಂತೆ ಪುಡಿ ಹಾಲು, ಕಂಡಾಗ ಎದೆಹಾಲು ಎಂಬ ಬೆರಕೆಯೇ ಅನೇಕರ ಪಾಲಿಗೆ ಉಳಿದದ್ದು.

ಆ ಬೆರಕೆಯೇ ಹೆಚ್ಚು ಅಪಾಯ ಎಂಬ ಸುಳಿವು ಸಿಕ್ಕಿದ್ದು ದಕ್ಷಿಣ ಆಫ್ರಿಕಾದ ಡರ್ಬನ್‌ನ ತಾಯಂದಿರಿಂದ. ಅನಾ ಕೂಟ್‌ಸೂಡಿಸ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎದೆಹಾಲು ಮಾತ್ರ ಕುಡಿದ ಕೂಸುಗಳಿಗಿಂತ ಎದೆಹಾಲು, ಮೇಲಿನ ಹಾಲು ಎರಡನ್ನೂ ಕುಡಿದವಕ್ಕೆ ಸೋಂಕು ಹೆಚ್ಚು ತಗಲಿತ್ತು. ತಾಯಿ ಔಷಧಿ ನುಂಗುತ್ತಿದ್ದರೆ ಎದೆಹಾಲನ್ನೇ ಕೊಡಬಹುದು ಎಂಬ ಮಾತು 2010ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ಬಂತು. ಗರ್ಭಿಣಿಗೆ ಸೋಂಕು ಗೊತ್ತಾದೊಡನೆ ಜೀವನಪೂರ್ತಿ ಔಷಧಿ ಆರಂಭಿಸುವ ಕ್ರಮವನ್ನು ಭಾರತ ಆ ದಶಕದಲ್ಲೇ ಒಪ್ಪಿಕೊಂಡಿತು. ದೇವದಾಸಿ ಪದ್ಧತಿಯ ನೋವು ಉಂಡ ಜಿಲ್ಲೆಯ ಎಷ್ಟೋ ದಲಿತ ತಾಯಂದಿರಿಗೆ ಇದರಿಂದ ಹಾಲೂ ಉಳಿಯಿತು, ಮಾನವೂ ಉಳಿಯಿತು. ಆಫ್ರಿಕಾದ ಬಡ ಕಪ್ಪು ತಾಯಂದಿರ ಅನುಭವ ಬಾಗಲಕೋಟೆಯ ಬಾಣಂತಿಗೆ ಇಷ್ಟು ನೇರವಾಗಿ ಒದಗಿಬಂದದ್ದು ಇನ್ನೊಂದಿಲ್ಲ.

ಮುಳುಗಡೆ, ನೆರೆ, ಹಾಲಿನ ಪುಡಿ

ನವನಗರವೇ ಮುಳುಗಡೆಯ ಕೂಸು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯನ್ನು ನುಂಗುತ್ತ ಬಂದಂತೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಸೆಕ್ಟರ್ ಸೆಕ್ಟರ್ ಆಗಿ ಕಟ್ಟಿದ ಊರು ಇದು. ಪರಿಹಾರದ ಲೆಕ್ಕದಲ್ಲಿ ಮನೆ, ಹೊಲ, ಗಿಡ ಬಂದವು. ಗೋಡೆ ಹಂಚಿಕೊಂಡ ಓಣಿ ಒಡೆದು, ಎರೆಯಲು ಬರುತ್ತಿದ್ದ ಮುದುಕಿ ಒಂದು ಸೆಕ್ಟರಿಗೆ, ಬಾಣಂತಿ ಇನ್ನೊಂದಕ್ಕೆ ಹೋದದ್ದು ಯಾವ ಲೆಕ್ಕದಲ್ಲೂ ಬರಲಿಲ್ಲ. ಅಗಲ ರಸ್ತೆಯ ಹೊಸ ಊರಿನಲ್ಲಿ ಆಸ್ಪತ್ರೆ ಹತ್ತಿರವಾಯಿತು, ನೆರೆಹೊರೆ ದೂರವಾಯಿತು.

ಮಲಪ್ರಭೆ, ಘಟಪ್ರಭೆಗಳ ನೆರೆ ಇನ್ನೊಂದು ಬಗೆಯ ಒಕ್ಕಲೆಬ್ಬಿಸುವಿಕೆ. 2009ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಬಾದಾಮಿ, ಹುನಗುಂದದ ಹೊಳೆದಂಡೆಯ ಜನ ಶಾಲೆಗಳಲ್ಲಿ, ಪರಿಹಾರ ಕೇಂದ್ರಗಳಲ್ಲಿ ದಿನ ಕಳೆದರು. ಇಂಥ ಹೊತ್ತಿನಲ್ಲಿ ಒಳ್ಳೆಯ ಮನಸ್ಸಿನಿಂದಲೇ ಜನ ಹಾಲಿನ ಪುಡಿಯ ಡಬ್ಬಿ ಕಳಿಸುತ್ತಾರೆ. ನೀರು ಕೆಟ್ಟಿರುವ, ಕುದಿಸಲು ಒಲೆಯಿಲ್ಲದ ಕಡೆ ಎಳೆಗೂಸಿಗೆ ಅದಕ್ಕಿಂತ ಕೇಡು ಬೇರಿಲ್ಲ. ಶಿಶು ಹಾಲಿನ ಬದಲಿಗಳ ಬಗೆಗಿನ 1992ರ ಕಾಯ್ದೆ, 2003ರ ತಿದ್ದುಪಡಿಯೊಂದಿಗೆ, ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಆಹಾರ, ಬಾಟಲಿಗಳ ಜಾಹೀರಾತನ್ನೂ ಉಚಿತ ಹಂಚಿಕೆಯನ್ನೂ ತಡೆಯುತ್ತದೆ. ಬದಲಿ ಹಾಲನ್ನು ದಾನವಾಗಿ ಅನಾಥಾಲಯಕ್ಕೆ ಮಾತ್ರ ಕೊಡಬಹುದು. ಪರಿಹಾರ ಕೇಂದ್ರದಲ್ಲಿ ಬಾಣಂತಿಗೆ ಕೊಡಬೇಕಾದದ್ದು ಪರದೆ ಕಟ್ಟಿದ ಒಂದು ಮೂಲೆ, ಬಿಸಿ ಊಟ, ಒಣ ಬಟ್ಟೆ.

ಮನೆ ಬಾಗಿಲಿಗೆ ಬರುವವರು

2017ರ ಅಕ್ಟೋಬರ್ 2ರಂದು ರಾಜ್ಯಕ್ಕೆಲ್ಲ ಬಂದ ಮಾತೃಪೂರ್ಣ ಯೋಜನೆಯನ್ನು ಅದಕ್ಕೂ ಮೊದಲು ಪ್ರಯೋಗಕ್ಕೆ ಇಳಿಸಿದ ತಾಲ್ಲೂಕುಗಳಲ್ಲಿ ಇದೇ ಜಿಲ್ಲೆಯ ಜಮಖಂಡಿಯೂ ಇತ್ತು. ತಿಂಗಳಿಗೆ 25 ದಿನ ಗರ್ಭಿಣಿಗೂ ಆರು ತಿಂಗಳವರೆಗಿನ ಬಾಣಂತಿಗೂ ಅಂಗನವಾಡಿಯಲ್ಲಿ ಬಿಸಿ ಊಟ, ಹಾಲು, ಮೊಟ್ಟೆ. ಯೋಚನೆ ಚೆನ್ನಾಗಿದೆ. ಆದರೆ ನಲವತ್ತು ದಿನ ಹೊಸ್ತಿಲು ದಾಟದ ಬಾಣಂತಿ ಅಂಗನವಾಡಿಗೆ ನಡೆದು ಬಂದು ಉಣ್ಣಬೇಕು ಎಂದು ಬರೆದವರು ಉತ್ತರ ಕರ್ನಾಟಕದ ಬಾಣಂತಿಕೋಣೆಯನ್ನು ನೆನೆದಂತಿಲ್ಲ. ಹೊಲಕ್ಕೆ ಹೋಗುವವಳಿಗೆ ಮಧ್ಯಾಹ್ನದ ಹೊತ್ತು ಹೊಂದುವುದಿಲ್ಲ. ಊಟ ಬಡಿಸುವವರ ಜಾತಿ ನೋಡುವ ಓಣಿಗಳೂ ಇವೆ. ಡಬ್ಬಿಯಲ್ಲಿ ಮನೆಗೆ ಕೊಟ್ಟರೆ ಆ ಮೊಟ್ಟೆ ಬಾಣಂತಿಯ ಬಾಯಿಗೇ ಹೋಗುತ್ತದೆಂಬ ಭರವಸೆಯೂ ಇಲ್ಲ ಎಂಬುದು ಅಂಗನವಾಡಿ ಟೀಚರ್‌ಗಳ ವಾದ, ಅದರಲ್ಲೂ ಹುರುಳಿದೆ.

ಬಾಣಂತಿಕೋಣೆಯ ಒಳಗೇ ಹೋಗಬಲ್ಲವಳು ಆಶಾ. ಆಸ್ಪತ್ರೆ ಹೆರಿಗೆಯಾದರೆ 3, 7, 14, 21, 28, 42ನೆಯ ದಿನಗಳಲ್ಲಿ ಆಕೆ ಮನೆಗೆ ಬಂದು ಕೂಸಿನ ತೂಕ, ಉಸಿರು, ಮೈಬಿಸಿ ನೋಡಬೇಕು, ಹಾಲು ಕುಡಿಸುವಾಗ ಪಕ್ಕದಲ್ಲಿ ಕೂರಬೇಕು. ಮೂರನೆಯ ಮತ್ತು ಏಳನೆಯ ದಿನದ ಭೇಟಿ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಎದೆ ಕಟ್ಟುವುದು, ತೊಟ್ಟು ಬಿರಿಯುವುದು, ಮೇಲಿನ ಹಾಲಿಗೆ ಮನೆ ಮನಸ್ಸು ಮಾಡುವುದು ಆ ವಾರದಲ್ಲೇ. ಜಾಣ ಆಶಾ ಬಾಣಂತಿಯ ಹತ್ತಿರ ಮಾತು ಶುರು ಮಾಡುವುದಿಲ್ಲ. ‘ಯಮ್ಮಾ, ನಿಮ್ಮ ಕಾಲದಾಗ ಹೆಂಗ ಮಾಡ್ತಿದ್ರಿ?’ ಎಂದು ಅಜ್ಜಿಯನ್ನು ಕೇಳಿ, ಆಕೆ ಹೇಳಿದ್ದರಲ್ಲಿ ಒಳ್ಳೆಯದನ್ನು ಹಿಡಿದು ಹೊಗಳಿ, ಆಮೇಲೆ ಸಕ್ಕರೆ ನೀರಿನ ವಿಷಯಕ್ಕೆ ಬರುತ್ತಾಳೆ. ಅಟ್ಲಾಂಟಾದ ಸಂಸ್ಥೆ ಹುಡುಕಿದ ‘ಓಣಿಯ ಗೆಳತಿ’ ಇಲ್ಲಿ 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದಲೇ ಇದ್ದಾಳೆ. ತಾಂಡಾಕ್ಕೆ ತಾಂಡಾದವಳನ್ನೇ, ಉರ್ದು ಆಡುವ ಓಣಿಗೆ ಆ ಮಾತು ಬಲ್ಲವಳನ್ನೇ ಆಯ್ದ ಕಡೆ ಕೆಲಸ ಹಗುರವಾಗುತ್ತದೆ.

ಒಂದು ಕೂಸಿನ ಮನೆಭೇಟಿಗಳನ್ನೆಲ್ಲ ಪೂರೈಸಿದರೆ ಆಕೆಗೆ ಸಿಗುವ ಪ್ರೋತ್ಸಾಹಧನ ₹250 ಎಂದು ನಿಗದಿಯಾಗಿತ್ತು. 2025ರ ಜನವರಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತು, ತಿಂಗಳಿಗೆ ಕನಿಷ್ಠ ₹10,000 ಕೊಡುವ ಭರವಸೆ ಪಡೆದು ಎದ್ದರು. ಸರ್ಕಾರದ ದಾಖಲೆಗಳಲ್ಲಿ ಆಶಾ ನೌಕರಳಲ್ಲ, ಸ್ವಯಂಸೇವಕಿ. ಆದ್ದರಿಂದ ಆಕೆಯೇ ಬಾಣಂತಿಯಾದಾಗ 26 ವಾರದ ರಜೆಯ ಕಾನೂನು ಆಕೆಗೆ ಅನ್ವಯಿಸುವುದಿಲ್ಲ.